ಸ್ಥಳಾನುಕರಣದ ಪೂರ್ವಕಥನ

ಶಿವಮೊಗ್ಗದ ದುರ್ಗಿಗುಡಿಯಲ್ಲಿಯೋ ಭದ್ರಾವತಿಯ ನ್ಯೂಟೌನಿನಲ್ಲಿಯೋ ಮೇಜಿನ ಮುಂದೆ ಕುಳಿತು ಮೊಬೈಲ್ ಆ್ಯಪ್ ರಚಿಸುವ ತರುಣರು ತಮ್ಮ ಕಂಪ್ಯೂಟರಿನಲ್ಲಿ ಆಂಡ್ರಾಯ್ಡ್ ಎಮ್ಯುಲೇಟರನ್ನು ಮೊದಲ ಬಾರಿಗೆ ತೆರೆದಾಗ, ತೆರೆಯ ಮೇಲೆ ಮೂಡುವ ಆ ಕೃತಕ ಫೋನು ತಾನು ತುಂಗಾಭದ್ರೆಯರ ಸೀಮೆಯಲ್ಲಿರುವುದನ್ನು ಅರಿಯದೆ, ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಎಂಬ ಊರಿನಲ್ಲಿ, ಗೂಗಲ್ ಸಂಸ್ಥೆಯ ಕಚೇರಿಯ ಅಂಗಳದಲ್ಲಿಯೇ ಇರುವುದಾಗಿ ತಿಳಿದಿರುತ್ತದೆ. ಅದಕ್ಕೆ ಆಕಾಶವಿಲ್ಲ, ಉಪಗ್ರಹಗಳ ಸಂಕೇತವನ್ನು ಗ್ರಹಿಸುವ ಆಂಟೆನಾ ಇಲ್ಲ. ತಾನೆಲ್ಲಿದ್ದೇನೆಂಬುದನ್ನು ಅದು ಯಾರಾದರೂ ಹೇಳಿಯೇ ತಿಳಿಯತಕ್ಕದ್ದು. ಉತ್ತರ ಅಕ್ಷಾಂಶ 13.93, ಪೂರ್ವ ರೇಖಾಂಶ 75.57 ಎಂದು ಹೇಳಿದೊಡನೆ ಅದು ಶಿವಮೊಗ್ಗಕ್ಕೆ ಬರುತ್ತದೆ, 13.84, 75.70 ಎಂದರೆ ಭದ್ರಾವತಿಯಲ್ಲಿ ನಿಲ್ಲುತ್ತದೆ. ಈ ಕಾರ್ಯವನ್ನು ಕೇವಲ ಇಂದಿನ ಯಂತ್ರಶಿಲ್ಪಿಗಳ ಒಂದು ಉಪಾಯವೆಂದು ಭಾವಿಸುವವರುಂಟು. ಆದರೆ ತಾನು ನಿಂತಿರದ ಸ್ಥಳವನ್ನು ಲೆಕ್ಕದಿಂದ ನಿರ್ಮಿಸಿ, ಅಲ್ಲಿಯೇ ಇದ್ದವನಂತೆ ವ್ಯವಹರಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಅದರ ಪೂರ್ವಕಥನವನ್ನು ಅರಿಯದೆ ಅದರ ಬಲವನ್ನಾಗಲಿ ಅದರ ಮಿತಿಯನ್ನಾಗಲಿ ಸರಿಯಾಗಿ ತೂಗಲಾರೆವು.

ಸ್ಥಳವನ್ನು ಗೊತ್ತುಪಡಿಸುವ ಅತ್ಯಂತ ಹಳೆಯ ರೀತಿ, ಅಲ್ಲಿಗೆ ಹೋಗಿ ಕಲ್ಲು ನೆಡುವುದು. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಹಾಗೂ ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ತಿರುವಿ ನೋಡಿದರೆ, ದಾನಭೂಮಿಗಳ ಎಲ್ಲೆಯನ್ನು ಪೂರ್ವದಿಂದ ಮೊದಲುಗೊಂಡು ದಿಕ್ಕುದಿಕ್ಕಿಗೆ ಹಳ್ಳ, ಹುತ್ತ, ಮರ, ಕೆರೆಯ ಕೋಡಿ, ನೆಟ್ಟ ಕಲ್ಲುಗಳಿಂದ ವರ್ಣಿಸುವ ಪದ್ಧತಿ ಮತ್ತೆ ಮತ್ತೆ ಕಾಣಸಿಗುತ್ತದೆ. ಶೈವ ದತ್ತಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವ ದತ್ತಿಗೆ ವಾಮನಮುದ್ರೆಯ ಕಲ್ಲು. ಇಲ್ಲಿ ಅನುಕರಣೆಗೆ ಎಡೆಯೇ ಇಲ್ಲ. ಕಲ್ಲಿನ ಬಳಿಗೆ ಹೋದವನಿಗಷ್ಟೆ ಎಲ್ಲೆಯ ಅರಿವು.

ಆದರೆ ಅಂಥ ದಾನಭೂಮಿಗಳಲ್ಲಿ ನೆಲೆಸಿದ ಅಗ್ರಹಾರಗಳ ಜಗಲಿಯ ಮೇಲೆ ಕುಳಿತು ಪಂಚಾಂಗವನ್ನು ಗಣಿಸುತ್ತಿದ್ದ ಜೋಯಿಸರ ವಿಧಾನ ಬೇರೆ. ಸೂರ್ಯಸಿದ್ಧಾಂತದ ಗಣಿತವು ಗ್ರಹಗಳ ಸ್ಥಾನವನ್ನು ಮೊದಲು ಶಿವಮೊಗ್ಗಕ್ಕಾಗಲಿ ಶೃಂಗೇರಿಗಾಗಲಿ ಕೊಡುವುದಿಲ್ಲ, ಲಂಕೆಗೆ ಕೊಡುತ್ತದೆ. ಆ ಲಂಕೆ ಸಿಂಹಳದ್ವೀಪವಲ್ಲ. ಉಜ್ಜಯಿನಿಯ ಮೂಲಕ ಹಾಯುವ ಮಧ್ಯರೇಖೆಯು ನಿರಕ್ಷವೃತ್ತವನ್ನು ಸಂಧಿಸುವೆಡೆಯಲ್ಲಿ ಶಾಸ್ತ್ರಕಾರರು ಕಲ್ಪಿಸಿಕೊಂಡ ಒಂದು ಬಿಂದು. ಇಂದಿನ ಭೂಪಟದಲ್ಲಿ ಆ ಬಿಂದುವಿನ ಮೇಲೆ ಬೆರಳಿಟ್ಟರೆ ಅಲ್ಲಿ ಊರಿಲ್ಲ, ನೆಲವೂ ಇಲ್ಲ. ಹಿಂದೂ ಮಹಾಸಾಗರದ ನೀರಷ್ಟೇ ಇದೆ. ಯಾವ ಗಣಿತಜ್ಞನೂ ಅಲ್ಲಿ ನಿಂತು ಸೂರ್ಯೋದಯವನ್ನು ಕಂಡವನಲ್ಲ. ಹಾಗಿದ್ದೂ ಸಮಸ್ತ ಗಣನೆಯನ್ನು ಅಲ್ಲಿ ನಡೆಯಿಸಿ, ಆ ಮೇಲೆ ತನ್ನ ಊರು ಮಧ್ಯರೇಖೆಯಿಂದ ಎಷ್ಟು ಪೂರ್ವಕ್ಕೋ ಪಶ್ಚಿಮಕ್ಕೋ ಇದೆಯೆಂಬುದನ್ನರಿತು ದೇಶಾಂತರ ಸಂಸ್ಕಾರವನ್ನೂ, ಅಕ್ಷಾಂಶಕ್ಕೆ ತಕ್ಕಂತೆ ಚರ ಸಂಸ್ಕಾರವನ್ನೂ ಮಾಡಿದರೆ, ಕಲ್ಪಿತ ಲಂಕೆಯ ಆಕಾಶವು ಸ್ವಗ್ರಾಮದ ಆಕಾಶವಾಗಿ ಪರಿಣಮಿಸುತ್ತದೆ. ಎಮ್ಯುಲೇಟರಿನ ಮೌಂಟನ್ ವ್ಯೂಗೂ ಸಿದ್ಧಾಂತದ ಲಂಕೆಗೂ ನಾನು ಕಾಣುವ ಸಾದೃಶ್ಯವಿದು: ಎರಡೂ ಗಣನೆಯ ಆರಂಭಕ್ಕೆಂದು ಗೊತ್ತುಮಾಡಿಕೊಂಡ ಎಡೆಗಳು, ನಮ್ಮೂರಿನ ಅಂಕೆಗಳನ್ನು ಕೊಟ್ಟ ಬಳಿಕವೇ ಅವು ನಮ್ಮ ಉಪಯೋಗಕ್ಕೆ ಬರುವುವು.

ನಮ್ಮ ಸೀಮೆಯ ವಿಷಯದಲ್ಲಿ ದೇಶಾಂತರ ಸಂಸ್ಕಾರವು ವಿಸ್ಮಯಕರವಾಗಿ ಅಲ್ಪವಾದುದು. ಉಜ್ಜಯಿನಿಯ ರೇಖಾಂಶ ಸುಮಾರು 75.77, ಶಿವಮೊಗ್ಗದ್ದು 75.57. ಒಂದು ಅಂಶಕ್ಕೆ ಹತ್ತು ವಿಘಟಿಯಂತೆ ಎಣಿಸಿದರೆ ಅಂತರವು ಎರಡು ವಿಘಟಿ, ಅಂದರೆ 48 ಸೆಕೆಂಡು ಮಾತ್ರ. ಭದ್ರಾವತಿಗೆ ಬಂದರೆ ಅದು ಒಂದು ವಿಘಟಿಯೂ ಆಗದು. ಬೆಂಕೀಪುರವೆಂದು ಹಿಂದೆ ಕರೆಸಿಕೊಂಡ ಆ ಊರು ಭಾರತೀಯ ಜ್ಯೋತಿಷದ ಪ್ರಧಾನ ರೇಖೆಗೆ ಏಳೆಂಟು ಕಿಲೋಮೀಟರಿನಷ್ಟು ಸಮೀಪದಲ್ಲಿದೆ. ಅಕ್ಷಾಂಶವನ್ನು ತಿಳಿಯುವ ಬಗೆಯಂತೂ ಇನ್ನೂ ಸರಳ. ವಿಷುವದ್ದಿನದ ಮಧ್ಯಾಹ್ನ ಸಮತಲದ ಮೇಲೆ ಹನ್ನೆರಡು ಅಂಗುಲದ ಶಂಕುವನ್ನು ನಿಲ್ಲಿಸಿ ಅದರ ನೆರಳನ್ನು ಅಳೆದರೆ ಅದೇ ಪಲಭಾ. ಶಿವಮೊಗ್ಗದಲ್ಲಿ ಅದು ಮೂರು ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ. ಈ ಮಧ್ಯಾಹ್ನವೆಂದರೆ ಗಡಿಯಾರದ ಹನ್ನೆರಡು ಗಂಟೆಯಲ್ಲ, 82.5 ಅಂಶದ ರೇಖೆಯನ್ನು ಆಧರಿಸಿದ ಭಾರತೀಯ ಕಾಲಮಾನದಲ್ಲಿ ಸೂರ್ಯನು ನಮ್ಮ ನೆತ್ತಿಯ ರೇಖೆಗೆ ಬರುವುದು ಸರಾಸರಿಯಲ್ಲಿ ಹನ್ನೆರಡೂ ಇಪ್ಪತ್ತೆಂಟರ ಸುಮಾರಿಗೆ. ಶಂಕುವಿನ ನೆರಳು ಗಣಿತವನ್ನು ನೆಲದ ಮೇಲೆ ಪರೀಕ್ಷಿಸುವ ಸಾಧನವಾಗಿತ್ತು. ದೇಶಾಂತರಕ್ಕೂ ಅಂಥದೊಂದು ಪರೀಕ್ಷೆ ಉಂಟು: ಚಂದ್ರಗ್ರಹಣವು ಮಧ್ಯರೇಖೆಗೆ ಗಣಿಸಿದ ಕಾಲಕ್ಕಿಂತ ತನ್ನ ಊರಿನ ಗಳಿಗೆಯಲ್ಲಿ ಮುಂಚೆ ಕಂಡಿತೋ ತಡವಾಗಿ ಕಂಡಿತೋ ಎಂಬುದರಿಂದ ಊರಿನ ಸ್ಥಾನವನ್ನು ನಿರ್ಣಯಿಸಬೇಕೆಂದು ಸೂರ್ಯಸಿದ್ಧಾಂತವೇ ವಿಧಿಸುತ್ತದೆ. ಕಲ್ಪನೆಯಿಂದ ಆರಂಭಿಸಿ ಪ್ರತ್ಯಕ್ಷದಲ್ಲಿ ಒರೆಗೆ ಹಚ್ಚುವ ಈ ಶಿಸ್ತು ನನಗೆ ಅತ್ಯಂತ ಗೌರವಾರ್ಹವಾಗಿ ತೋರುತ್ತದೆ.

1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ತರುವಾಯ ಮೈಸೂರು ಸೀಮೆಗೆ ಮತ್ತೊಂದು ಬಗೆಯ ಅಳತೆಗಾರರು ಬಂದರು. ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಸಂಸ್ಥಾನದ ಮೋಜಣಿಯು ನಡೆಯುತ್ತಿದ್ದ ವರ್ಷಗಳಲ್ಲಿಯೇ ವಿಲಿಯಂ ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಮೀರಿದ ಒಂದು ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದನು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿಯ ರೇಖೆಯಿಂದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಮೊದಲಿಟ್ಟು, ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಹಿಡಿಯುತ್ತ ಪರ್ಯಾಯದ್ವೀಪವನ್ನು ದಾಟಿ ಪಶ್ಚಿಮ ಕರಾವಳಿಯನ್ನು ಮುಟ್ಟಿದನು. ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿಯೆಂದು ನಕ್ಷೆಗಳಲ್ಲಿ ಬರೆದಿದ್ದುದು ವಾಸ್ತವದಲ್ಲಿ 360 ಮೈಲಿಯೆಂದು ಆಗ ಗೊತ್ತಾಯಿತು. ನಲವತ್ತು ಮೈಲಿಗಳಷ್ಟು ದೇಶವು ಕಾಗದದ ಮೇಲಷ್ಟೇ ಇದ್ದಿತು. ಈ ವಿಧಾನದ ಮರ್ಮವನ್ನು ಗಮನಿಸಬೇಕು. ಒಂದು ರೇಖೆಯ ಉದ್ದವನ್ನು ನೆಲದ ಮೇಲೆ ಅಳೆದರೆ, ಅದರ ಎರಡು ತುದಿಗಳಿಂದ ದೂರದ ಶಿಖರವನ್ನೋ ಗುಡಿಯ ಗೋಪುರವನ್ನೋ ನೋಡಿ ಹಿಡಿದ ಕೋನಗಳು ಸಾಕು. ಅಲ್ಲಿಗೆ ಯಾರೂ ಹೋಗದಿದ್ದರೂ ಆ ಗೋಪುರಕ್ಕೆ ಅಕ್ಷಾಂಶ ರೇಖಾಂಶಗಳು ಲಭಿಸುತ್ತವೆ.

ಲ್ಯಾಂಬ್ಟನ್ನನ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟನು ಭೂಮಿಯ ಆಕಾರವನ್ನು ಭಾರತಕ್ಕೆ ಹೊಂದುವಂತೆ ಒಂದು ದೀರ್ಘವೃತ್ತಜವಾಗಿ 1830ರಲ್ಲಿ ನಿರೂಪಿಸಿದನು. ನಮ್ಮ ಹಳೆಯ ಟೋಪೋ ನಕ್ಷೆಗಳೆಲ್ಲ ಅದರ ಮೇಲೆ ನಿಂತಿವೆ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆಯ ಆಕಾರವನ್ನು. ಆದುದರಿಂದ ಹಳೆಯ ನಕ್ಷೆಯಿಂದ ಶಿವಮೊಗ್ಗದ ಒಂದು ಬಿಂದುವಿನ ಅಂಕೆಯನ್ನು ಓದಿ ಹಾಗೆಯೇ ಎಮ್ಯುಲೇಟರಿಗೆ ಕೊಟ್ಟರೆ, ಅದು ನೂರು ಮೀಟರಿಗೂ ಹೆಚ್ಚು ಆಚೆಗೆ ಬೀಳುತ್ತದೆ. ಒಂದು ಬೀದಿಯ ಮನೆ ಮತ್ತೊಂದು ಬೀದಿಗೆ ಹೋಗಲು ಅಷ್ಟು ಸಾಕು.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ರೆವಿನ್ಯೂ ಸರ್ವೆಯು ಈ ವಿದ್ಯೆಯನ್ನು ಗದ್ದೆ ತೋಟಗಳವರೆಗೆ ತಂದಿತು. ಬೆಟ್ಟದ ತುದಿಯಿಂದ ನೋಡುವವರ ಕೆಲಸವಲ್ಲ ಇದು. ಬದುವಿನ ಮೇಲೆ, ಕೆಸರಿನಲ್ಲಿ, ಅಡಕೆ ಮರಗಳ ನಡುವೆ ಸರಪಳಿ ಎಳೆಯುವವರ ಕೆಲಸ. ಸರಪಳಿ 33 ಅಡಿ ಉದ್ದ. ಅದಕ್ಕೆ ರೂಪಾಯಿಗಿದ್ದಂತೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಭೂಮಾಪಕನು ಜಮೀನಿನ ನಡುವೆ ಒಂದು ಆಧಾರರೇಖೆಯನ್ನು ಹಿಡಿದು, ಅದರಿಂದ ಬಾಂದುಕಲ್ಲುಗಳಿಗೆ ಲಂಬವಾಗಿ ಎಷ್ಟು ಸರಪಳಿ ಎಷ್ಟು ಆಣೆ ಎಂದು ಅಳೆದು ಬರೆದುಕೊಂಡ ಕೈನಕ್ಷೆಯೇ ಟಿಪ್ಪಣಿ. ಸೊಗಸಾದ ರೇಖಾಚಿತ್ರವಲ್ಲ ಅದು, ಅಳತೆಗೆ ತಕ್ಕ ಪ್ರಮಾಣವೂ ಅದಕ್ಕಿಲ್ಲ. ಆದರೆ ಆ ಜಮೀನನ್ನು ಎಂದೂ ಕಾಣದ ಮತ್ತೊಬ್ಬ ಭೂಮಾಪಕನು ನೂರು ವರ್ಷದ ಮೇಲೆ ಆ ಹಾಳೆಯೊಂದನ್ನೇ ಹಿಡಿದು ಬಂದು, ನೆರೆಯವನು ಒತ್ತಿದ ಬದುವನ್ನೂ ಕಿತ್ತೆಸೆದ ಕಲ್ಲನ್ನೂ ಇದ್ದೆಡೆಗೆ ಮರಳಿ ತರಬಲ್ಲನು. ಅದಕ್ಕೆ ಹದ್ದುಬಸ್ತು ಎನ್ನುತ್ತಾರೆ. ತಾಲ್ಲೂಕು ಕಚೇರಿಗಳಲ್ಲಿ ಇಂದಿಗೂ ಹದ್ದುಬಸ್ತಿಗೆ ಅರ್ಜಿ ಹಾಕುವ ರೈತರು ಆ ಜೀರ್ಣ ಹಾಳೆಗಳನ್ನೇ ನಂಬಿರುತ್ತಾರೆ. ಸ್ಥಳದ ಗುರುತು ನೆಲದ ಮೇಲೆ ಅಳಿದರೂ ದಾಖಲೆಯಿಂದ ಅದನ್ನು ಪುನಃ ನಿಲ್ಲಿಸಬಹುದೆಂಬುದು ಅಂದು ಸಾಮಾನ್ಯ ಜನರ ಬಾಳಿಗೆ ಪ್ರವೇಶಿಸಿದ ದೊಡ್ಡ ವಿಚಾರ.

ಇನ್ನು ಆಕಾಶದ ಮಾತು. ಜಿಪಿಎಸ್ಸಿನ ಮೊದಲ ನ್ಯಾವ್‌ಸ್ಟಾರ್ ಉಪಗ್ರಹವು 1978ರ ಫೆಬ್ರವರಿಯಲ್ಲಿ ಮೇಲೇರಿತು. 24 ಉಪಗ್ರಹಗಳ ವ್ಯವಸ್ಥೆಯು ಪೂರ್ಣವಾಗಿ ಸಿದ್ಧವಾದುದಾಗಿ 1995ರಲ್ಲಿ ಸಾರಲಾಯಿತು. ಆದರೆ ಗ್ರಾಹಕ ಯಂತ್ರಗಳನ್ನು ಪರೀಕ್ಷಿಸುವವರು ಅಷ್ಟು ಕಾಲ ಕಾಯುವಂತಿರಲಿಲ್ಲ. ಅರಿಜೋನದ ಯೂಮಾ ಎಂಬಲ್ಲಿಯ ಮರುಭೂಮಿಯ ಪರೀಕ್ಷಾಂಗಣದಲ್ಲಿ, ಉಪಗ್ರಹಗಳು ಸಾಕಷ್ಟು ಸಂಖ್ಯೆಯಲ್ಲಿ ಇನ್ನೂ ಇಲ್ಲದ ಕಾಲದಲ್ಲಿ, ಉಪಗ್ರಹಗಳ ಸಂಕೇತವನ್ನೇ ಹೊರಡಿಸುವ ಪ್ರೇಷಕಗಳನ್ನು ನೆಲದ ಮೇಲೆ ಸ್ಥಾಪಿಸಿ, ಮೇಲೆ ವಿಮಾನದಲ್ಲಿ ಗ್ರಾಹಕವನ್ನಿಟ್ಟು ಹಾರಿಸಿದರು. ಆಕಾಶವು ನೆಲಕ್ಕಿಳಿದು ನೆಲವು ಆಕಾಶಕ್ಕೇರಿದ ಈ ತಲೆಕೆಳಗಾದ ಲೋಕದಲ್ಲಿಯೇ ಜಿಪಿಎಸ್ ಯಂತ್ರವು ಮೊದಲು ತನ್ನ ಸ್ಥಾನವನ್ನು ಗುರುತಿಸಲು ಕಲಿತದ್ದು. ಮೂಲವು ಹುಟ್ಟುವ ಮುನ್ನವೇ ಅನುಕರಣವು ಹುಟ್ಟಿದ ಉದಾಹರಣೆಯಿದು. ಮುಂದೆ, ಸತ್ಯವಾದ ಉಪಗ್ರಹಗಳು ಬಂದ ಮೇಲೂ, ಅವುಗಳ ಒಡೆಯರು ಜನಬಳಕೆಯ ಸಂಕೇತದಲ್ಲಿ ಬುದ್ಧಿಪೂರ್ವಕವಾಗಿ ನೂರು ಮೀಟರಿನವರೆಗಿನ ದೋಷವನ್ನು ಬೆರೆಸುತ್ತಿದ್ದರು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಬಳಿಕವೇ ಬೀದಿಯನ್ನೂ ಮನೆಯನ್ನೂ ತೋರುವ ಇಂದಿನ ಆ್ಯಪುಗಳು ಸಾಧ್ಯವಾದವು. ಮೂಲವೇ ಮರೆಮಾಚಿದ ದೋಷವನ್ನು ಹೊತ್ತಿದ್ದ ಆ ವರ್ಷಗಳನ್ನು ನೆನೆದರೆ, ತಾನು ಅನುಕರಣೆಯೆಂದು ಹೇಳಿಕೊಂಡೇ ನಡೆಯುವ ಎಮ್ಯುಲೇಟರಿನ ಅಂಕೆಯು ಎಷ್ಟೋ ಪ್ರಾಮಾಣಿಕವೆನಿಸುತ್ತದೆ. ಪರರ ಉಪಗ್ರಹಗಳನ್ನೇ ಸದಾ ಅವಲಂಬಿಸಬಾರದೆಂದು ಇಸ್ರೋ 2013ರಿಂದ 2016ರ ಅವಧಿಯಲ್ಲಿ ಏಳು ಉಪಗ್ರಹಗಳನ್ನು ಹಾರಿಸಿ ನಾವಿಕ್ ವ್ಯವಸ್ಥೆಯನ್ನು ಕಟ್ಟಿತು. ಅದರ ಭೂಕೇಂದ್ರಗಳಲ್ಲಿ ಬೆಂಗಳೂರಿಗೆ ಸಮೀಪದ ಬ್ಯಾಲಾಳು, 1982ರಿಂದ ಉಪಗ್ರಹಗಳನ್ನು ನಿಯಂತ್ರಿಸುತ್ತ ಬಂದ ಹಾಸನ, ಎರಡೂ ಕನ್ನಡ ನೆಲದಲ್ಲಿರುವುದು ನಮಗೆ ಸಂತೋಷದ ವಿಷಯ.

ಯೂಮಾದ ಕಥೆ ಮೊಬೈಲ್ ಫೋನಿನಲ್ಲಿಯೂ ಪುನರಾವರ್ತಿತವಾಯಿತು. ಆಂಡ್ರಾಯ್ಡಿನ ತಂತ್ರಾಂಶ ಸಾಮಗ್ರಿಯನ್ನು ಗೂಗಲ್ ಮೊದಲು ಬಿಡುಗಡೆ ಮಾಡಿದ್ದು 2007ರ ನವೆಂಬರಿನಲ್ಲಿ; ಆ ವ್ಯವಸ್ಥೆಯ ಮೊದಲ ಫೋನು ಅಂಗಡಿಗೆ ಬಂದದ್ದು 2008ರ ಅಕ್ಟೋಬರಿನಲ್ಲಿ. ಸುಮಾರು ಒಂದು ವರ್ಷ ಪರ್ಯಂತ ಆಂಡ್ರಾಯ್ಡ್ ಎಂಬುದು ಬಹುತೇಕ ಎಮ್ಯುಲೇಟರಿನೊಳಗಿನ ವಸ್ತುವಾಗಿಯೇ ಇದ್ದಿತು. ಜಗತ್ತಿನ ನಾನಾ ಭಾಗದ ತಂತ್ರಜ್ಞರು ಯಾರ ಜೇಬಿನಲ್ಲಿಯೂ ಇಲ್ಲದ ಫೋನಿಗೆ, ಕೊಟ್ಟ ಅಂಕೆಗಳನ್ನೇ ಸ್ಥಳವೆಂದು ನಂಬಿಸಿ, ದಾರಿ ತೋರುವ ಆ್ಯಪುಗಳನ್ನು ಬರೆದರು. ಹಳೆಯ ರೀತಿಯಲ್ಲಿ ಎಮ್ಯುಲೇಟರಿನ ಕನ್ಸೋಲಿಗೆ ಹೋಗಿ ಜಿಯೋ ಫಿಕ್ಸ್ ಎಂಬ ಆದೇಶವನ್ನು ಬರೆದು ಎರಡು ಸಂಖ್ಯೆಗಳನ್ನು ಕೊಡಬೇಕಾಗಿತ್ತು. ಈಗಲೂ ಅದು ನಡೆಯುತ್ತದೆ. ಅಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಶಾಲೆಯ ಭೂಗೋಳದಿಂದ ಅಕ್ಷಾಂಶವನ್ನೇ ಮೊದಲು ಹೇಳಿ ರೂಢಿಯಾದ ಕೈ ಇಲ್ಲಿ ತಪ್ಪಿದರೆ, ಶಿವಮೊಗ್ಗವು 75.57 ಉತ್ತರ, 13.93 ಪೂರ್ವಕ್ಕೆ, ನಾರ್ವೆಗೂ ಸ್ವಾಲ್ಬಾರ್ಡಿಗೂ ನಡುವಣ ಶೀತಲ ಸಮುದ್ರಕ್ಕೆ ಹೋಗಿ ಬೀಳುತ್ತದೆ. ದಶಾಂಶ ಸ್ಥಾನಗಳಿಗೂ ಅರ್ಥವುಂಟು: ಎರಡು ಸ್ಥಾನ ಕೊಟ್ಟರೆ ಒಂದು ಕಿಲೋಮೀಟರಿನ ಅನಿಶ್ಚಯ, ನಾಲ್ಕು ಕೊಟ್ಟರೆ ಸುಮಾರು 11 ಮೀಟರ್, ಆರು ಕೊಟ್ಟರೆ ಗೇಣಿಗಿಂತಲೂ ಕಡಿಮೆ.

ಈಗಿನ ಎಮ್ಯುಲೇಟರಿನಲ್ಲಿ ಬದಿಯ ಮೂರು ಚುಕ್ಕೆಗಳನ್ನು ಒತ್ತಿ ಲೊಕೇಶನ್ ವಿಭಾಗಕ್ಕೆ ಹೋದರೆ ಒಂದು ಬಿಂದುವನ್ನಷ್ಟೇ ಅಲ್ಲ, ಜಿಪಿಎಕ್ಸ್ ಅಥವಾ ಕೆಎಂಎಲ್ ಕಡತದಿಂದ ಒಂದು ಪ್ರಯಾಣವನ್ನೇ ಕೊಡಬಹುದು. ಶಿವಮೊಗ್ಗದ ಬಸ್ ನಿಲ್ದಾಣದಿಂದ ಭದ್ರಾವತಿಗೆ ಹೋಗುವ ಬಸ್ಸಿನ ದಾರಿಯನ್ನು ಹಾಗೆ ಓಡಿಸುವುದನ್ನು ಸಮೀಪದಿಂದ ನೋಡುವುದು ಬೋಧಪ್ರದವಾದುದು. ದಾರಿಗೆ ಆರಂಭ, ಅಂತ್ಯ ಎಂಬ ಎರಡೇ ಬಿಂದುಗಳನ್ನು ಕೊಟ್ಟು ನಡುವೆ ಒಂದು ಸೆಕೆಂಡಿನ ಅವಧಿಯನ್ನಿಟ್ಟರೆ ಬಸ್ಸು ನೇರ ರೇಖೆಯ ಸುಮಾರು 17 ಕಿಲೋಮೀಟರನ್ನು ಒಂದೇ ನೆಗೆತಕ್ಕೆ ದಾಟುತ್ತದೆ. ಆ್ಯಪ್ ಅದರ ವೇಗವನ್ನು ಗಂಟೆಗೆ 60,000 ಕಿಲೋಮೀಟರಿಗೂ ಮಿಗಿಲೆಂದು ಲೆಕ್ಕ ಹಾಕುತ್ತದೆ. ಬಿಂದುಗಳು ವಿರಳವಾಗಿದ್ದರೆ ಬಿ.ಎಚ್. ರಸ್ತೆಯ ಸೇತುವೆಯನ್ನು ಬಿಟ್ಟು ತುಂಗೆಯ ನೀರಿನ ಮೇಲೆಯೇ ನಕ್ಷೆಯ ನೀಲಿ ಚುಕ್ಕೆ ಸಾಗುತ್ತದೆ. ವಿದ್ಯಾನಗರ, ಮಾಚೇನಹಳ್ಳಿಗಳ ತಿರುವುಗಳಲ್ಲಿ ಬಿಂದುಗಳನ್ನು ಒತ್ತೊತ್ತಾಗಿ ಇಟ್ಟು, ನಿಲ್ದಾಣಗಳಲ್ಲಿ ಒಂದೆರಡು ನಿಮಿಷ ನಿಲ್ಲಿಸಿ, ಸರಿಯಾದ ಕಾಲಾಂತರವನ್ನು ಕೊಟ್ಟಾಗಲೇ ಅದು ಮನುಷ್ಯರು ಕುಳಿತ ಬಸ್ಸಿನಂತೆ ನಡೆಯುವುದು. ಸರಪಳಿಯ ಆಣೆಯನ್ನೂ ಬಿಡದೆ ಬರೆಯುತ್ತಿದ್ದ ಭೂಮಾಪಕರ ತಾಳ್ಮೆ ಇಲ್ಲಿಯೂ ಬೇಕು.

ಆದರೆ ಈ ವಿದ್ಯೆಗೆ ದುರುಪಯೋಗವೂ ಇದೆ. ಪರೀಕ್ಷಕರಿಗೆಂದು ಮಾಡಿದ, ನಿಜವಾದ ಫೋನಿಗೂ ಕೃತಕ ಸ್ಥಳವನ್ನು ಕೊಡುವ ಮಾಕ್ ಲೊಕೇಶನ್ ಸೌಲಭ್ಯವನ್ನೇ ಹಿಡಿದು, ಕೆಲಸಕ್ಕೆ ಬಾರದೆ ಹಾಜರಿ ಹಾಕುವವರು, ಹೊಲಕ್ಕೆ ಹೋಗದೆ ಹೊಲದ ವರದಿ ಕೊಡುವವರು ಹುಟ್ಟಿಕೊಂಡರು. ಕರ್ನಾಟಕದಲ್ಲಿ ಇದು ಸಣ್ಣ ಮಾತಲ್ಲ. ರೈತರೇ ತಮ್ಮ ಬೆಳೆಯನ್ನು ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ 2020ರಲ್ಲಿ ಬಂದಿತು. ಜಮೀನಿನಲ್ಲಿ ನಿಂತು ತೆಗೆದ ಚಿತ್ರಕ್ಕೆ ಅಕ್ಷಾಂಶ ರೇಖಾಂಶಗಳೇ ಸಾಕ್ಷಿ, ಪರಿಹಾರ ವಿಮೆಗಳ ಲೆಕ್ಕಕ್ಕೂ ಅದೇ ಆಧಾರ. ನಿಂತ ನೆಲದ ಸರ್ವೆ ನಂಬರನ್ನು ತೋರುವ ದಿಶಾಂಕ್ ಆ್ಯಪ್ ಕೂಡ ಫೋನು ಹೇಳಿದ ಸ್ಥಳವನ್ನೇ ನಂಬುತ್ತದೆ. ಆದ್ದರಿಂದ ಆಂಡ್ರಾಯ್ಡ್ 2013ರಲ್ಲಿ, ಹೀಗೆ ಕೃತಕವಾಗಿ ಕೊಟ್ಟ ಸ್ಥಳಕ್ಕೆ ಅದು ಕೃತಕವೆಂಬ ಗುರುತನ್ನು ಹಚ್ಚಿ, ಆ್ಯಪುಗಳು ಅದನ್ನು ಕೇಳಿ ತಿಳಿಯುವಂತೆ ಮಾಡಿತು. ಅನುಕರಣೆಯನ್ನು ನಿಷೇಧಿಸದೆ ಅದಕ್ಕೆ ಮುದ್ರೆಯೊತ್ತಿದ ಈ ಕ್ರಮವನ್ನು ನಾನು ವಿವೇಕಯುಕ್ತವೆಂದು ಎಣಿಸುತ್ತೇನೆ. ಜೋಯಿಸರು ಲಂಕೆಯ ಗಣಿತವನ್ನು ಲಂಕೆಯದೆಂದೇ ಬರೆದರು. ಸಂಸ್ಕಾರ ಮಾಡದೆ ಅದನ್ನು ನಮ್ಮೂರಿನದೆಂದು ಹೇಳಲಿಲ್ಲ. ಕೃತಕ ಸ್ಥಳವು ದೋಷವಲ್ಲ. ಅದನ್ನು ನಿಜಸ್ಥಳವೆಂದು ಸಾಕ್ಷಿ ನುಡಿಸುವುದು ದೋಷ, ಮತ್ತು ಅದರ ಹಾನಿ ತಟ್ಟುವುದು ನೆರೆಯ ಹೊಲದ ನಿಜವಾದ ಬೆಳೆಗಾರನಿಗೆ.

ಎಮ್ಯುಲೇಟರಿನ ನಿಜವಾದ ಕೊರತೆ ಬೇರೆಯದು. ಅಲ್ಲಿಯ ಬಿಂದು ಅತಿ ಶುದ್ಧ. ಕೊಟ್ಟೆಡೆಯಲ್ಲಿ ಅಲುಗಾಡದೆ ನಿಲ್ಲುತ್ತದೆ. ನಿಜವಾದ ಫೋನಿನ ಮಾತು ಹಾಗಲ್ಲ. ಉಪಗ್ರಹದಿಂದ, 20,000 ಕಿಲೋಮೀಟರಿಗೂ ಆಚೆಯಿಂದ ಬರುವ ಸಂಕೇತವು ನೆಲವನ್ನು ಮುಟ್ಟುವ ಹೊತ್ತಿಗೆ ಅತ್ಯಂತ ಕ್ಷೀಣವಾಗಿರುತ್ತದೆ. ಮಲೆನಾಡಿನಲ್ಲಿ ಮಳೆಯ ಹನಿ ಅದನ್ನು ಅಷ್ಟಾಗಿ ಬಾಧಿಸದು. ಆದರೆ ಮಳೆಯಲ್ಲಿ ನೆನೆದ ಮರಗಳ ದಟ್ಟ ಎಲೆಚಪ್ಪರವು ಅದನ್ನು ಇನ್ನಷ್ಟು ಕುಗ್ಗಿಸುತ್ತದೆ, ಆಗ ತೋಟದ ನಡುವೆ ನಿಂತವನ ಚುಕ್ಕೆ ಬೇಲಿಯಾಚೆಗೆ ಜಿಗಿಯಬಲ್ಲದು. 1918ರಲ್ಲಿ ನೆಲೆಗೊಂಡು 1923ರಲ್ಲಿ ಕಬ್ಬಿಣವನ್ನು ಕರಗಿಸಲು ತೊಡಗಿದ ಭದ್ರಾವತಿಯ ಕಾರ್ಖಾನೆಯಂಥ ಎಡೆಯಲ್ಲಿ, ಎತ್ತರವಾದ ಲೋಹದ ಛಾವಣಿ ಗೋಡೆಗಳಿಗೆ ಬಡಿದು ಮರಳುವ ಸಂಕೇತವು ಗ್ರಾಹಕಕ್ಕೆ ಸುತ್ತುದಾರಿಯಲ್ಲಿ ತಡವಾಗಿ ತಲುಪಿ ಸ್ಥಾನವನ್ನು ಕದಲಿಸುತ್ತದೆ. ಇವೊಂದನ್ನೂ ಮೇಜಿನ ಮೇಲಿನ ಫೋನು ತಾನಾಗಿ ಅರಿಯದು. ಅಂತೆಯೇ ಬಲ್ಲ ಪರೀಕ್ಷಕರು ಕೇವಲ ನಕ್ಷೆಯ ಮೇಲೆ ಗೆರೆಯೆಳೆದ ದಾರಿಯಿಂದ ತೃಪ್ತರಾಗುವುದಿಲ್ಲ. ಆಷಾಢದ ಮಳೆಯಲ್ಲಿ ನಿಜವಾದ ಫೋನನ್ನು ಹಿಡಿದು ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಒಂದು ಅಡಕೆ ತೋಟವನ್ನೂ ಹೊಕ್ಕು ಬಂದು, ದಾರಿಯುದ್ದಕ್ಕೂ ಫೋನು ಕಂಡ ಸ್ಥಾನಗಳನ್ನು ಅವುಗಳ ತಪ್ಪು, ತಡ, ಜಿಗಿತಗಳ ಸಮೇತ ಜಿಪಿಎಕ್ಸ್ ಕಡತವಾಗಿ ಉಳಿಸಿಕೊಳ್ಳುತ್ತಾರೆ. ಆ ಕಡತವನ್ನು ತಿದ್ದಿ ನಯಗೊಳಿಸಬಾರದು. ಮೂಲ ಟಿಪ್ಪಣಿಯನ್ನು ಯಾವ ಭೂಮಾಪಕನೂ ತಿದ್ದಲಾರನಷ್ಟೆ. ಆ್ಯಪಿನ ಪ್ರತಿಯೊಂದು ಹೊಸ ಆವೃತ್ತಿಯೂ ಬಿಡುಗಡೆಗೆ ಮುನ್ನ, ಬಿಸಿಲುಗಾಲದಲ್ಲಿಯೇ ಆಗಲಿ, ಬೆಂಗಳೂರಿನ ಕಚೇರಿಯಲ್ಲಿಯೇ ಆಗಲಿ, ಆ ಆಷಾಢದ ಪ್ರಯಾಣವನ್ನು ಎಮ್ಯುಲೇಟರಿನಲ್ಲಿ ಇನ್ನೊಮ್ಮೆ ಮುಗಿಸತಕ್ಕದ್ದು.